ಸ್ಟಿಯರಿಂಗ್ ಇಲ್ಲದ ಬಲೂನಿನಲ್ಲಿ ಗುರಿ ಮುಟ್ಟುವುದು ಹೇಗೆ?

ಬಿಸಿಗಾಳಿ ಬಲೂನಿಗೆ ಸ್ಟಿಯರಿಂಗೇ ಇಲ್ಲ, ಮತ್ತೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗೆಲ್ಲುವುದು ಹೇಗೆ ಅಂತ ಕೇಳಿದ್ದೀರಲ್ವಾ? ನೀವೂ ನಮ್ಮ ಕಾಸರಗೋಡಿನವರೇ ಅಂದಿರಿ. ಹಾಗಾದರೆ ಬೆಳಗ್ಗೆ ತೋಟದ ಸುಡುಮಣ್ಣಿನ ಹೊಗೆ ನೋಡಿ. ಕೆಳಗೆ ಅದು ಮೆಲ್ಲಗೆ ಕಡಲಿನ ಕಡೆ ಹೋಗುತ್ತದೆ. ಮೇಲಿನ ಮೋಡ ಎಷ್ಟೋ ಸಲ ಬೇರೆ ದಿಕ್ಕಿಗೆ ಸಾಗುತ್ತಿರುತ್ತದೆ. ಪೈಲಟ್‌ಗೆ ಬೇಕಾದದ್ದು ಇದೇ! ಬರ್ನರ್ ಉರಿಸಿದರೆ ಬಲೂನು ಏರುತ್ತದೆ, ಒಳಗಿನ ಗಾಳಿ ತಣಿದರೆ ಇಳಿಯುತ್ತದೆ. ತನಗೆ ಬೇಕಾದ ದಿಕ್ಕಿನ ಗಾಳಿ ಯಾವ ಎತ್ತರದಲ್ಲಿದೆ ಅಂತ ಹುಡುಕಿ, ಅಲ್ಲೇ ತೇಲಬೇಕು.

ಮೊದಲು ತಲುಪಿದವರು ಗೆಲ್ಲುವ ಆಟ ಅಲ್ಲ ಇದು. ನೆಲದಲ್ಲಿ ಎರಡು ಗೆರೆ ಒಂದನ್ನೊಂದು ದಾಟುವ ದೊಡ್ಡ X ಗುರುತು ಇರುತ್ತದೆ. ಅದರ ಹತ್ತಿರಕ್ಕೆ ಉದ್ದ ಬಾಲದ ಪುಟ್ಟ ಚೀಲ ಎಸೆಯಬೇಕು, ಅದಕ್ಕೆ ಮಾರ್ಕರ್ ಅನ್ನುತ್ತಾರೆ. ಹತ್ತಿರ ಬಿದ್ದಷ್ಟೂ ಅಂಕ ಜಾಸ್ತಿ, ಒಂದು ಸುತ್ತಿಗೆ ಗರಿಷ್ಠ 1000. ಗೆಲುವು ಸೋಲು ಸೆಂಟಿಮೀಟರ್‌ನಲ್ಲಿ ತೀರ್ಮಾನ ಆಗುವುದೂ ಉಂಟು. 1973ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು.

ಹತ್ತಿರದಿಂದ ನೋಡುವ ಆಸೆ ಇದ್ದರೆ ಪೊಂಗಲ್ ಹೊತ್ತಿಗೆ ತಮಿಳುನಾಡಿನ ಪೊಳ್ಳಾಚಿಯ ಬಲೂನು ಉತ್ಸವಕ್ಕೆ ಹೋಗಿ. ಸೂರ್ಯ ಹುಟ್ಟುವ ಮೊದಲೇ ಮೈದಾನದಲ್ಲಿರಿ. ಬಿಸಿಲೇರಿದರೆ ನೆಲದ ಬಿಸಿಗೆ ಗಾಳಿ ಕದಡುತ್ತದೆ, ಆ ಹೊತ್ತಿನಲ್ಲಿ ಹಾರಿಸುವುದಿಲ್ಲ.