ಪ್ರಿಂಟ್ ತೆಗೆದಿಟ್ಟರೆ ಸಾಕೇ?

ಪತ್ರ: "ಹಿಂದಿನ ಸಂಚಿಕೆಯಲ್ಲಿ ಪ್ರೊಫೆಸರ್ ಲುಚಿಯಾನಾ ದುರಾಂತಿ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಕಂಪ್ಯೂಟರ್‌ನಲ್ಲಿರುವ ದಾಖಲೆ ಉಳಿಸೋದು ಹೇಗೆ ಅಂತ ಜೀವನಪೂರ್ತಿ ಪಾಠ ಮಾಡುವಷ್ಟು ಅದರಲ್ಲಿ ಏನಿದೆ? ಸ್ಕ್ಯಾನ್ ಮಾಡಿ, ಎರಡು ಕಾಪಿ ಇಟ್ಟು, ಬೇಕಾದ್ದರ ಪ್ರಿಂಟ್ ತೆಗೆದರೆ ಮುಗೀತಲ್ವಾ? ಅದು ಐಟಿಯವರ ಕೆಲಸ. ಲೇಖನ ಓದಿ, ಇತಿಹಾಸದಲ್ಲಿ ಎಂಎ ಮಾಡಿರುವ ನನ್ನ ಮಗಳು ಇದನ್ನೇ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಸ್ವಲ್ಪ ಬುದ್ಧಿ ಹೇಳಿ."
– ಶಿವಮೊಗ್ಗದ ಓದುಗರು

ಉತ್ತರ: ಬುದ್ಧಿ ಹೇಳುತ್ತೇನೆ. ಆದರೆ ಮಗಳಿಗಲ್ಲ, ನಿಮಗೆ.

ಐಟಿಯವರ ಕೆಲಸವನ್ನು ನಾನು ಹಗುರ ಮಾಡುವುದಿಲ್ಲ. ಭೂಮಿ ಯೋಜನೆ ಬಂದ ಮೇಲೆ ಪಹಣಿಗಾಗಿ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು. ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದದ್ದು ಸಣ್ಣ ಮಾತಲ್ಲ. ಇದನ್ನು ಒಪ್ಪಿಯೇ ಮುಂದೆ ಹೋಗುತ್ತೇನೆ.

ನಿಮ್ಮ ವಾದವನ್ನೇ ಹಿಂದೆ ಅಮೆರಿಕದ ಸರ್ಕಾರ ಕೋರ್ಟಿನಲ್ಲಿ ಹೂಡಿತ್ತು. ಇರಾನಿಗೆ ಗುಟ್ಟಾಗಿ ಆಯುಧ ಮಾರಿ, ಆ ದುಡ್ಡನ್ನು ನಿಕರಾಗುವಾದ ಬಂಡುಕೋರರಿಗೆ ದಾಟಿಸಿದ ಇರಾನ್-ಕಾಂಟ್ರಾ ಹಗರಣ 1986ರ ನವೆಂಬರ್‌ನಲ್ಲಿ ಬಯಲಾಗುವ ಹೊತ್ತಿಗೆ ರಾಷ್ಟ್ರೀಯ ಭದ್ರತಾ ಮಂಡಳಿಯಲ್ಲಿದ್ದ ಆಲಿವರ್ ನಾರ್ತ್ ತನ್ನ ಇಮೇಲ್‌ಗಳನ್ನು ಅಳಿಸಿದ. ಬ್ಯಾಕಪ್ ಟೇಪುಗಳಲ್ಲಿ ಅವು ಉಳಿದುಕೊಂಡಿದ್ದವು. 1989ರ ಜನವರಿಯಲ್ಲಿ ರೇಗನ್ ಸರ್ಕಾರದ ಅವಧಿ ಮುಗಿಯುವಾಗ ಅಂಥ ಟೇಪುಗಳೂ ಅಳಿದುಹೋಗುತ್ತವೆ ಅಂತ ಪತ್ರಕರ್ತ ಸ್ಕಾಟ್ ಆರ್ಮ್‌ಸ್ಟ್ರಾಂಗ್ ಮತ್ತಿತರರು ಕೋರ್ಟಿಗೆ ಓಡಿದರು. ಮುಖ್ಯವಾದದ್ದನ್ನೆಲ್ಲ ಪ್ರಿಂಟ್ ತೆಗೆದು ಫೈಲಿಗೆ ಹಾಕಿದರೆ ಸಾಕು ಎಂಬುದು ಸರ್ಕಾರದ ಮಾತು. 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಯಾರು ಕಳಿಸಿದ್ದು, ಯಾರ್ಯಾರಿಗೆ ಹೋಯಿತು, ಯಾವಾಗ ತಲುಪಿತು ಎಂಬುದೆಲ್ಲ ಪ್ರಿಂಟಿನಲ್ಲಿ ಬಿಟ್ಟುಹೋಗಬಹುದು. ಹಗರಣವೊಂದರಲ್ಲಿ ತಿಳಿಯಬೇಕಾದ್ದೇ ಅದು ತಾನೇ? ಒಕ್ಕಣೆ ಉಳಿದು, ಯಾರು ಯಾರಿಗೆ ಬರೆದರು ಎಂಬುದೇ ಹೋದರೆ ಅದು ಯಾವ ಸೀಮೆ ದಾಖಲೆ?

ದುರಾಂತಿ ಅವರ ದುಡಿಮೆಯೆಲ್ಲ ಈ ಪ್ರಶ್ನೆಯ ಸುತ್ತಲೇ. ಇಟಲಿಯವರು, ರೋಮ್‌ನಲ್ಲಿ ಓದಿದವರು. 1987ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಪಾಠ ಮಾಡಲು ಹೋದರು. ಕಂಪ್ಯೂಟರಿನ ಕಗ್ಗಂಟು ಬಿಡಿಸಲು ಅವರು ಕೈಗೆತ್ತಿಕೊಂಡದ್ದು 17ನೇ ಶತಮಾನದ ವಿದ್ಯೆಯನ್ನು. ಫ್ರಾನ್ಸಿನ ಮಠಗಳ ಹಳೇ ದಾನಪತ್ರಗಳಲ್ಲಿ ಅಸಲಿ ಯಾವುದು, ಖೋಟಾ ಯಾವುದು ಎಂಬ ಜಗಳ ಎದ್ದಾಗ, ಜಾನ್ ಮಾಬಿಯೋನ್ ಎಂಬ ಸನ್ಯಾಸಿ 1681ರಲ್ಲಿ ಅದನ್ನು ಪತ್ತೆ ಮಾಡುವ ಕ್ರಮ ಬರೆದಿಟ್ಟಿದ್ದರು. ಲಿಪಿ ಹೇಗಿದೆ, ಮುದ್ರೆ ಯಾರದು, ಒಕ್ಕಣೆಯ ರೂಢಿ ಏನು, ಸಾಕ್ಷಿಗಳು ಯಾರು ಅಂತ ಒಂದೊಂದನ್ನೇ ನೋಡುವ ಕ್ರಮ ಅದು. ನಮ್ಮ ಶಾಸನತಜ್ಞರು ತಾಮ್ರಪಟ ಕೈಗೆತ್ತಿಕೊಂಡಾಗ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಆ ಪ್ರಶ್ನೆಗಳನ್ನು ಇಮೇಲಿಗೂ ಡೇಟಾಬೇಸಿಗೂ ಕೇಳಬಹುದು ಅಂತ ದುರಾಂತಿ ತೋರಿಸಿದರು. ದಾಖಲೆಯ ಗುರುತು ಖಚಿತವಾಗಿರಬೇಕು, ಅದು ಕೆಟ್ಟಿರಬಾರದು. ಇವೆರಡನ್ನೂ ಸಾಬೀತು ಮಾಡಿದರೇನೇ ಅದು ಅಸಲಿ. 1994ರಿಂದ 1997ರವರೆಗೆ ಅವರ ತಂಡ ಮಾಡಿದ ಸಂಶೋಧನೆಯ ಜೊತೆ ಅಮೆರಿಕದ ರಕ್ಷಣಾ ಇಲಾಖೆಯೇ ಕೈಜೋಡಿಸಿತು. ಅದರ ಫಲ ಆ ಇಲಾಖೆಯ ದಾಖಲೆ ನಿರ್ವಹಣೆಯ ಮಾನದಂಡದಲ್ಲಿ ಸೇರಿತು. ಆಮೇಲೆ 1999ರಲ್ಲಿ ಶುರುವಾದ ಇಂಟರ್‌ಪೇರೆಸ್ ಎಂಬ, ಕಂಪ್ಯೂಟರ್ ದಾಖಲೆಗಳ ಅಸಲಿತನ ಉಳಿಸುವ ಸಂಶೋಧನಾ ಯೋಜನೆಗೆ ಹತ್ತಾರು ದೇಶಗಳವರು ಸೇರಿದರು. ಸುಮ್ನೆ ಪಾಠ ಮಾಡಿ ಸಂಬಳ ತಗೊಂಡ ಜೀವ ಅಲ್ಲ ಅದು.

"ಎರಡು ಕಾಪಿ ಇಟ್ಟರಾಯ್ತು" ಅಂದಿರಿ. ನಮ್ಮ ಕಚೇರಿಗೆ ಬನ್ನಿ, ಹಳೇ ಸಂಚಿಕೆಗಳ ಫೈಲು ತೋರಿಸುತ್ತೇನೆ. ಕಾಪಿ ಎರಡಲ್ಲ, ಮೂರಿವೆ. ಒಂದು ಬೈಟೂ ಹಾಳಾಗಿಲ್ಲ. ಆದರೆ ಅವು ಯೂನಿಕೋಡ್, ಅಂದರೆ ಎಲ್ಲ ಯಂತ್ರಕ್ಕೂ ಒಂದೇ ಆದ ಅಕ್ಷರ ಸಂಕೇತ, ಬರುವುದಕ್ಕೆ ಮುಂಚಿನ ಫಾಂಟಿನವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ "ಕನ್ನಡ" ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಆಮೇಲೆ ಪೌಂಡಿನ ಗುರುತು! ಪರಿವರ್ತಕಕ್ಕೆ ಹಾಕಿದರೆ ಓದಲು ಬರುತ್ತದೆ, ನಿಜ. ಆದರೆ ಅರ್ಕಾವೊತ್ತು ಎಲ್ಲೆಲ್ಲಿಗೋ ಹಾರಿರುತ್ತದೆ. ತೀರಿಕೊಂಡ ಲೇಖಕರೊಬ್ಬರ ಹೆಸರೇ ತಪ್ಪಾಗಿ ಬಂದಿತ್ತು. ಪತ್ರಿಕೆಗಾದರೆ ಕರಡು ತಿದ್ದಿ ಸರಿಮಾಡಬಹುದು. ಕ್ರಯಪತ್ರಕ್ಕೋ ಕೋರ್ಟಿನ ತೀರ್ಪಿಗೋ ಹೀಗಾದರೆ ತಿದ್ದುವವರು ಯಾರು? ತಿದ್ದಿದ್ದು ಸರಿ ಅಂತ ಸಹಿ ಹಾಕುವವರು ಯಾರು? ಬ್ಯಾಕಪ್ ಮಾಡಿದವರು ಇದಕ್ಕೆ ಉತ್ತರ ಕೊಡಲಾರರು. ಅವರ ಪಾಲಿನ ಕೆಲಸವನ್ನು ಅವರು ಸರಿಯಾಗಿಯೇ ಮಾಡಿದ್ದಾರೆ.

ನನ್ನ ಹೊಟ್ಟೆ ಉರಿಯುವುದು ಇಲ್ಲೇ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕಂಪ್ಯೂಟರಿನಿಂದ ಹುಟ್ಟಿದ್ದೂ ದಾಖಲೆಯೇ ಅಂತ ಆಗಲೇ ಹೇಳಿದೆ. ಕೇಂದ್ರದ ಕಚೇರಿಗಳು ದಾಖಲೆ ಅಧಿಕಾರಿಯನ್ನು ನೇಮಿಸಬೇಕು ಅಂತಲೂ ಹೇಳಿದೆ. ದಾಖಲೆಯನ್ನು ಅಕ್ರಮವಾಗಿ ನಾಶ ಮಾಡಿದರೆ 5 ವರ್ಷದವರೆಗೆ ಜೈಲು. ಕಾನೂನು ಮುಂದೆ ಹೋಗಿ ನಿಂತಿದೆ, ನಾವು ಹಿಂದೆ ಉಳಿದಿದ್ದೇವೆ. ಸ್ಕ್ಯಾನಿಂಗ್ ಟೆಂಡರಿಗೆ ದುಡ್ಡು ಸಿಗುತ್ತದೆ, ಉದ್ಘಾಟನೆಯ ಫೋಟೋ ಬರುತ್ತದೆ. ಆಮೇಲೆ ಹಾರ್ಡ್‌ಡಿಸ್ಕು ಬೀರುವಿಗೆ ಸೇರಿ, ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ ಗೊತ್ತಿರುವುದಿಲ್ಲ. ಆ ಕೆಲಸ ಓದಿದವರನ್ನು ಕರೆದು ಕೂರಿಸೋಣ ಅಂದರೆ, ಅದೇನು ಓದು ಅಂತ ನಿಮ್ಮ ಹಾಗೇ ಕೇಳುತ್ತಾರೆ. ಇತಿಹಾಸ ಓದಿದವರನ್ನು ಕೆಲಸಕ್ಕೆ ಬಾರದವರು ಅಂತ ತಳ್ಳಿಬಿಡುವ ಚಾಳಿ ನಮ್ಮ ಊರುಗಳಲ್ಲಿ ಜಾಸ್ತಿಯಾಗಿದೆ. ಕಾಗದವೊಂದನ್ನು ಅನುಮಾನದಿಂದ ನೋಡುವ ಕಣ್ಣು ಅವರಿಗೇ ಇರುವುದು. ಅದು ಆರು ತಿಂಗಳ ಕೋರ್ಸಿನಲ್ಲಿ ಬರುವಂಥದ್ದಲ್ಲ.

ನಿಮ್ಮ ಆತಂಕ ಅರ್ಥವಾಗುತ್ತದೆ. ಮಗಳಿಗೆ ಕೆಲಸ ಸಿಗಬೇಕು, ಅಷ್ಟೇ ತಾನೇ? ದೆಹಲಿಯ ರಾಷ್ಟ್ರೀಯ ಪತ್ರಾಗಾರದವರು ಪತ್ರಾಗಾರ ಮತ್ತು ದಾಖಲೆ ನಿರ್ವಹಣೆಯಲ್ಲಿ ಒಂದು ವರ್ಷದ ಡಿಪ್ಲೊಮಾ ನಡೆಸುತ್ತಾರೆ. ಅದರ ಪ್ರಕಟಣೆ ಯಾವಾಗ ಬರುತ್ತದೆ ನೋಡಿ, ಅರ್ಜಿ ಹಾಕಿಸಿ. ಅಷ್ಟರೊಳಗೆ ಅವಳು ಡೇಟಾಬೇಸ್ ಕಲಿಯಲಿ, ಸಾಧ್ಯವಾದರೆ ಹಳೇ ಮರಾಠಿ ಕಾಗದಪತ್ರಗಳ ಮೋಡಿ ಲಿಪಿಯನ್ನೂ ಕಲಿಯಲಿ. ಮೊದಲ ಲೇಖನ ಬರೆದಾಗ ನಮಗೇ ಕಳಿಸಲಿ. ನಾಲ್ಕಲ್ಲ, ಆರು ಪುಟ ಕೊಡುತ್ತೇನೆ.

– ಸಂಪಾದಕ