ಅಮ್ಮ ಕಾಯಿ ಹೆರೆಯುವಾಗ ಹೇಳಿಬಿಡು

ಪ್ರಶ್ನೆ: ನನಗೆ ಹದಿನೇಳು ವರ್ಷ. ಮಂಗಳೂರಿನಲ್ಲಿ ದ್ವಿತೀಯ ಪಿಯುಸಿ, ಪಿಸಿಎಂಬಿ. ಮನೆ ಸುರತ್ಕಲ್ ಕಡೆ. ಅಪ್ಪ ಕುವೈತ್‌ನಲ್ಲಿದ್ದಾರೆ. ದಿನಾ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ ಮೊದಲು ಕೇಳುವುದೇ ‘ಟೆಸ್ಟಿನಲ್ಲಿ ಎಷ್ಟು ಬಂತು’ ಎಂದು. ಅಮ್ಮ ಒಂದು ವರ್ಷದಿಂದ ಟಿವಿ ಹಾಕಿಲ್ಲ, ಯಾವ ಮದುವೆಗೂ ಹೋಗಿಲ್ಲ, ಕುಟುಂಬದ ದೈವದ ನೇಮಕ್ಕೂ ಹೋಗಲಿಲ್ಲ. ನಾನು ಓದುವಷ್ಟು ಹೊತ್ತೂ ಪಕ್ಕದಲ್ಲೇ ಕುಳಿತಿರುತ್ತಾರೆ. ಬೈಯುವುದಿಲ್ಲ, ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ರಾತ್ರಿ ಒಂದೂವರೆಯವರೆಗೆ ಓದಿ ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ನೀಟ್ ಮಾದರಿ ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರಗಳೂ ಮರೆತುಹೋಗಿ 720ಕ್ಕೆ 386 ಬಂತು. ಮನೆಯಲ್ಲಿ 540 ಎಂದೆ. ಮುಂದಿನ ಎರಡು ಟೆಸ್ಟುಗಳಲ್ಲೂ ಸುಳ್ಳನ್ನೇ ಹೇಳಿದೆ. ಈ ತಿಂಗಳ ಕೊನೆಯ ಶನಿವಾರ ಪೋಷಕರ ಸಭೆ ಇದೆ. ಅಮ್ಮನಿಗೆ ಎಲ್ಲ ಗೊತ್ತಾಗುತ್ತದೆ. ಎಲ್ಲಾದರೂ ಹೋಗಿಬಿಡೋಣ ಎನ್ನಿಸುತ್ತದೆ. ಏನು ಮಾಡಲಿ?
– ಹೆಸರು ಬೇಡ, ಮಂಗಳೂರು

ಉತ್ತರ: ಮಗಳೇ, ಅಂಕದ ವಿಚಾರಕ್ಕೆ ಆಮೇಲೆ ಬರುತ್ತೇನೆ. ‘ಎಲ್ಲಾದರೂ ಹೋಗಿಬಿಡೋಣ’ ಎಂದು ಬರೆದಿದ್ದೀಯಲ್ಲ, ಅದರ ಅರ್ಥವೇನು? ಬಸ್ ಹತ್ತಿ ಅಜ್ಜಿ ಮನೆಗೆ ಹೋಗಿ ಎರಡು ದಿನ ಮಲಗಿಬಿಡುವ ಆಸೆಯೇ, ಇಲ್ಲಾ ಬದುಕೇ ಬೇಡ ಎನ್ನುವ ಯೋಚನೆಯೇ? ಮೊದಲನೆಯದಾದರೆ ಮುಂದೆ ಓದು. ಎರಡನೆಯದು ಒಂದು ಸಲ ಸುಳಿದು ಹೋಗಿದ್ದರೂ ಶನಿವಾರಕ್ಕಾಗಿ ಕಾಯಬೇಡ, ಈ ರಾತ್ರಿಯೇ ಅಮ್ಮನನ್ನು ಎಬ್ಬಿಸಿ ಹೇಳು. ಅಮ್ಮನ ಹತ್ತಿರ ಬಾಯಿ ಬಾರದಿದ್ದರೆ 14416ಕ್ಕೆ ಫೋನ್ ಮಾಡು. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ. 2022ರಿಂದ ನಡೆಯುತ್ತಿದೆ, ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮಂಗಳೂರಿನ ವೆನ್‌ಲಾಕ್ ಸರಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಅಲ್ಲಿಗೆ ಹೋದರೆ ‘ತಲೆ ಸರಿಯಿಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ ಎಂದು ನೆರೆಯವರು ಹೇಳಬಹುದು. ಅದೇ ನೆರೆಯವರು ಮಂಡಿನೋವಿಗೆ ಅದೇ ಆಸ್ಪತ್ರೆಗೆ ಹೋಗುತ್ತಾರೆ.

ಇನ್ನು ಸುಳ್ಳಿನ ವಿಚಾರ. ನಾನೂ ಒಂದು ಅಂಕಪಟ್ಟಿ ಅಡಗಿಸಿದವಳು. ಒಂಬತ್ತನೇ ತರಗತಿಯಲ್ಲಿ ಗಣಿತಕ್ಕೆ ಹದಿನಾಲ್ಕು ಬಂದಿತ್ತು. ಅಟ್ಟ ಹತ್ತಿ ಹಂಚೊಂದನ್ನು ತುಸು ಸರಿಸಿ, ಪಕ್ಕಾಸಿನ ಸಂದಿಗೆ ಕಾಗದವನ್ನು ತುರುಕಿಟ್ಟೆ. ಆಟಿ ತಿಂಗಳು, ಹೊರಗೆ ಜಡಿಮಳೆ. ಸರಿಸಿದ ಹಂಚು ಸೋರತೊಡಗಿತು, ಸೋರಿದ್ದು ನೇರ ಅಕ್ಕಿ ಮುಡಿಯ ಮೇಲೆ. ಅಪ್ಪ ಏಣಿ ಇಟ್ಟು ಹತ್ತಿದಾಗ ಹಂಚಿನ ಜೊತೆ ಹದಿನಾಲ್ಕು ಅಂಕವೂ ಕೈಗೆ ಸಿಕ್ಕಿತು. ಅಂಕಕ್ಕೆ ಬಿದ್ದ ಬೈಗುಳ ಎರಡು ಮಾತು, ಮುಡಿ ಅಕ್ಕಿ ನೆನೆದದ್ದಕ್ಕೆ ದೀಪಾವಳಿಯವರೆಗೂ ಬಿತ್ತು. ಆದರೆ ನನಗೆ ಚೆನ್ನಾಗಿ ನೆನಪಿರುವುದು ಅದಕ್ಕೂ ಹಿಂದಿನ ಮೂರು ವಾರ. ಆ ದಿನಗಳಲ್ಲಿ ಒಂದೇ ಒಂದು ಲೆಕ್ಕ ಬಿಡಿಸಿರಲಿಲ್ಲ. ಪುಸ್ತಕ ಹಿಡಿದು ಕುಳಿತರೂ ಮೋಡ ಕಟ್ಟಿದಾಗಲೆಲ್ಲ ಮಾಡಿನ ಹಂಚು ನೋಡುವುದೇ ಕೆಲಸವಾಗಿತ್ತು.

ನಿನ್ನ ಪುಟ ತಲೆಗೆ ಹೋಗದಿರುವುದಕ್ಕೆ ಅರ್ಧ ಕಾರಣ ಇದೇ ಎಂದು ನನಗನ್ನಿಸುತ್ತದೆ. 540 ಎಂದ ಮೇಲೆ ಮುಂದಿನ ಸಲ 500ರ ಕೆಳಗೆ ಹೇಳುವಂತಿಲ್ಲ. ಯಾರ ಹತ್ತಿರ ಯಾವಾಗ ಎಷ್ಟು ಹೇಳಿದೆ ಎಂದು ನೆನಪಿಡಬೇಕು. ಅಮ್ಮನಿಗೂ ನಿನ್ನ ಗೆಳತಿಯ ಅಮ್ಮನಿಗೂ ಮಾತುಕತೆ ನಡೆಯದಂತೆ ನೋಡಿಕೊಳ್ಳಬೇಕು. ಐದನೆಯ ವಿಷಯವೊಂದನ್ನು ನೀನೇ ತೆಗೆದುಕೊಂಡಿದ್ದೀಯ, ಅದಕ್ಕೆ ಪಠ್ಯಪುಸ್ತಕವೂ ಇಲ್ಲ.

ಆದ್ದರಿಂದ ಸಭೆಗೆ ಮೊದಲೇ ಹೇಳಿಬಿಡು. ಅಪ್ಪನಿಗೆ ಫೋನಿನಲ್ಲಿ ಅಲ್ಲ, ಮೊದಲು ಅಮ್ಮನಿಗೆ. ಎದುರು ಕುಳಿತು ಕಣ್ಣಲ್ಲಿ ಕಣ್ಣಿಟ್ಟು ಹೇಳುವುದು ಬೇಡ. ಸಂಜೆ ಅಮ್ಮ ಕಾಯಿ ಹೆರೆಯುತ್ತಾರಲ್ಲ, ಆಗ ಪಕ್ಕದಲ್ಲಿ ಕುಳಿತುಕೋ. ಮಣೆಯ ಮೇಲೆ ಕುಳಿತವರ ಕಣ್ಣು ಕಾಯಿಯ ಮೇಲಿರುತ್ತದೆ, ಕೈಗೆ ಕೆಲಸ ಇರುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಕಷ್ಟದ ಮಾತುಗಳು ಹೊರಬಿದ್ದದ್ದೆಲ್ಲ ಬಹುಪಾಲು ಇಂಥ ಹೊತ್ತಿನಲ್ಲೇ. ಮಾತು ಇಷ್ಟೇ ಸಾಕು: ‘ಅಮ್ಮ, ಮೂರು ಟೆಸ್ಟಿನ ಅಂಕ ನಾನು ಹೇಳಿದಷ್ಟು ಬಂದಿಲ್ಲ. 540 ಎಂದದ್ದು 386. ಹೆದರಿ ಹೇಳಲಿಲ್ಲ. ಸಭೆಯಲ್ಲಿ ನಿಮಗೆ ಬೇರೆಯವರಿಂದ ಗೊತ್ತಾಗಬಾರದು ಎಂದು ಈಗ ಹೇಳುತ್ತಿದ್ದೇನೆ.’ ಸಂಖ್ಯೆಯನ್ನು ನುಂಗಬೇಡ. ‘ಸ್ವಲ್ಪ ಕಡಿಮೆ ಬಂತು’ ಎಂದರೆ ಅದು ನಾಲ್ಕನೆಯ ಸುಳ್ಳು.

ಅವರು ಅಳಬಹುದು, ಕೂಗಾಡಬಹುದು. ಆ ರಾತ್ರಿ ಊಟ ಮಾಡದೆಯೂ ಇರಬಹುದು. ಮೊದಲ ಹತ್ತು ನಿಮಿಷ ನಿನ್ನ ಸಮರ್ಥನೆ ಬೇಡ. ಕಾಲೇಜಿನ ತಪ್ಪು, ಪ್ರಶ್ನೆಪತ್ರಿಕೆಯ ತಪ್ಪು ಎನ್ನಬೇಡ. ಮುಖ್ಯವಾಗಿ ‘ಮುಂದಿನ ಸಲ 600 ತೆಗೆಯುತ್ತೇನೆ’ ಎಂದು ಮಾತು ಕೊಡಬೇಡ. ಆ ಕ್ಷಣದಲ್ಲಿ ಬಾಯಿಂದ ತಾನಾಗಿ ಬರುವ ಮಾತು ಅದು, ಅದನ್ನು ಹಿಡಿದು ನಿಲ್ಲಿಸು.

ಅಪ್ಪನ ವಿಚಾರದಲ್ಲಿ ನನ್ನದು ಊಹೆ ಮಾತ್ರ. ಎಷ್ಟೋ ವರ್ಷದಿಂದ ಹೊರಗಿರುವವರಿಗೆ ಮಗಳ ಬಗ್ಗೆ ಕೇಳಲು ಬೇರೆ ಏನು ಗೊತ್ತಿರುತ್ತದೆ? ನಿನ್ನ ಗೆಳತಿಯರ ಹೆಸರು, ನಿನ್ನ ಬಸ್, ನಿನ್ನ ಹಲ್ಲುನೋವು ಯಾವುದೂ ಅಷ್ಟು ದೂರಕ್ಕೆ ತಲುಪಿರುವುದಿಲ್ಲ. ಅಂಕವೊಂದು ತಲುಪುತ್ತದೆ, ಅದನ್ನೇ ಕೇಳುತ್ತಾರೆ. ಶುಕ್ರವಾರ ಅಲ್ಲಿ ರಜೆಯಲ್ಲವೇ? ಅಂದು ಅವರ ಫೋನಿಗೆ ಕಾಯದೆ ನೀನೇ ಮಾಡು, ಅಮ್ಮ ಪಕ್ಕದಲ್ಲಿರಲಿ. ಹೇಳಬೇಕಾದ್ದನ್ನು ಹೇಳಿದ ಮೇಲೆ ಒಂದು ಬೇಡಿಕೆಯನ್ನೂ ಇಡು: ‘ಅಪ್ಪ, ಅಂಕವನ್ನು ಆದಿತ್ಯವಾರಕ್ಕೊಮ್ಮೆ ನಾನೇ ಹೇಳುತ್ತೇನೆ, ನಿಜವನ್ನೇ ಹೇಳುತ್ತೇನೆ. ಉಳಿದ ದಿನ ಬೇರೆ ಏನಾದರೂ ಮಾತನಾಡೋಣ.’ ಮೊದಲ ವಾರ ಇಬ್ಬರಿಗೂ ಮಾತೇ ಸಿಗಲಿಕ್ಕಿಲ್ಲ. ಮಧ್ಯಾಹ್ನ ಏನು ಊಟ ಮಾಡಿದಿರಿ ಎಂದು ಕೇಳು, ಆ ಪ್ರಶ್ನೆ ಎಂದೂ ಖಾಲಿಯಾಗುವುದಿಲ್ಲ.

ನಿನ್ನ ಮನೆಯವರನ್ನಷ್ಟೇ ದೂರಿದರೆ ಅನ್ಯಾಯವಾಗುತ್ತದೆ. ನಾವಿರುವುದು ‘ಬುದ್ಧಿವಂತರ ಜಿಲ್ಲೆ’ಯಲ್ಲಿ. ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಶೇ 97.37 ಪಡೆದು ಮೊದಲ ಸ್ಥಾನದಲ್ಲಿತ್ತು. ಮರುವರ್ಷ ಉಡುಪಿ ಶೇ 93.90, ನಾವು ಶೇ 93.57. ಮೂರನೇ ಒಂದರಷ್ಟು ಪಾಯಿಂಟಿನ ವ್ಯತ್ಯಾಸಕ್ಕೆ ಕೆಲವರು ಜಿಲ್ಲೆಯ ಮಾನವೇ ಹೋಯಿತೆಂಬಂತೆ ಮಾತನಾಡಿದ್ದನ್ನು ಕೇಳಿದ್ದೇನೆ. ಫಲಿತಾಂಶದ ಮರುದಿನ ಪತ್ರಿಕೆ ಬಿಡಿಸಿದರೆ ಪುಟಪುಟವೂ ಪಾಸ್‌ಪೋರ್ಟ್ ಅಳತೆಯ ಮುಖಗಳು. ಹೆದ್ದಾರಿಯ ಪಕ್ಕದ ಫ್ಲೆಕ್ಸುಗಳಲ್ಲಿ ಅದೇ ಮುಖಗಳು ಮಳೆಗಾಲದವರೆಗೂ ನಗುತ್ತಿರುತ್ತವೆ. ಸುರತ್ಕಲ್ಲಿನಿಂದ ಬಸ್ಸಿನಲ್ಲಿ ಬರುವಾಗ ನೀನು ದಿನಾ ನೋಡುವುದು ಇದನ್ನೇ, ನಿನ್ನಮ್ಮ ನೋಡುವುದೂ ಇದನ್ನೇ.

ಈಗ ಅಮ್ಮ ಪಕ್ಕದಲ್ಲಿ ಕೂರುವುದರ ಬಗ್ಗೆ. ಅವರು ಟಿವಿ ಬಿಟ್ಟದ್ದು, ನೇಮ ಬಿಟ್ಟದ್ದು ನೀನು ಕೇಳಿ ಪಡೆದ ಸಾಲವಲ್ಲ. ನೀನು ಅದಕ್ಕೆ ಸಹಿ ಹಾಕಿಲ್ಲ. ಆದರೂ ಬಡ್ಡಿ ಕಟ್ಟುವವಳಂತೆ ರಾತ್ರಿ ಒಂದೂವರೆಯವರೆಗೆ ಕೂರುತ್ತೀಯ, ಏಕೆಂದರೆ ಅವರು ಎಚ್ಚರವಿದ್ದಾರೆ. ಅವರು ಎಚ್ಚರವಿರುವುದೇಕೆ? ನೀನು ಓದುತ್ತಿದ್ದೀಯ ಎಂದು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ನಿದ್ದೆಗೆಡುತ್ತಿದ್ದೀರಿ, ಅಷ್ಟೇ.

‘ಅಮ್ಮ, ಪಕ್ಕದಲ್ಲಿ ಕೂರಬೇಡಿ’ ಎಂದು ಹೇಳು ಎನ್ನುವ ಸಲಹೆ ಸುಲಭ. ನಾನದನ್ನು ಕೊಡುವುದಿಲ್ಲ, ಅವರು ನೊಂದುಕೊಳ್ಳುತ್ತಾರೆ. ಅವರಿಗೊಂದು ಕೆಲಸ ಕೊಡು. ಮೂವತ್ತು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವಳಾಗಿ ಹೇಳುತ್ತೇನೆ, ಒಂದೇ ಪುಟವನ್ನು ನಾಲ್ಕು ಸಲ ಓದುವುದು ಓದುವ ರೀತಿಗಳಲ್ಲೇ ಅತ್ಯಂತ ದುರ್ಬಲವಾದದ್ದು. ಪುಟದ ಪರಿಚಯವಾಗುತ್ತದೆ, ಹಳದಿ ಗೆರೆ ಎಲ್ಲಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ, ಗೊತ್ತಿದೆ ಎನ್ನಿಸುತ್ತದೆ. ಪರೀಕ್ಷೆಯಲ್ಲಿ ಪುಟ ಇರುವುದಿಲ್ಲವಲ್ಲ. ಅಲ್ಲಿ ಬೇಕಾಗುವುದು ಒಳಗಿನಿಂದ ಎಳೆದು ತೆಗೆಯುವ ಅಭ್ಯಾಸ. ಅದಕ್ಕೆ ಪುಸ್ತಕ ಮುಚ್ಚಬೇಕು, ಯಾರಾದರೂ ಪ್ರಶ್ನೆ ಕೇಳಬೇಕು. ಆ ಯಾರಾದರೂ ನಿನ್ನ ಪಕ್ಕದಲ್ಲೇ ಕುಳಿತಿದ್ದಾರೆ!

ಅರ್ಧ ಗಂಟೆ ಓದು, ಪುಸ್ತಕವನ್ನು ಅಮ್ಮನ ಕೈಗೆ ಕೊಡು. ‘ಮೂತ್ರಪಿಂಡದ ಅಧ್ಯಾಯದಿಂದ ಹತ್ತು ಪ್ರಶ್ನೆ ಕೇಳಿ’ ಎನ್ನು. ಅವರಿಗೆ ಉತ್ತರ ಗೊತ್ತಿರಬೇಕಾಗಿಲ್ಲ, ಇಂಗ್ಲಿಷ್ ಪದಗಳನ್ನು ಅವರು ತಪ್ಪಾಗಿ ಓದಿದರೂ ನಡೆಯುತ್ತದೆ. ನೀನು ಹೇಳುವುದನ್ನು ಪುಟದ ಮೇಲೆ ಬೆರಳಿಟ್ಟು ನೋಡುತ್ತಾ ಹೋಗಲಿ. ಎಲ್ಲಿ ತಡವರಿಸಿದೆಯೋ ಅಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಲಿ. ಮರುದಿನ ಚುಕ್ಕೆಗಳನ್ನಷ್ಟೇ ಕೇಳಲಿ, ಮೂರು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಭರದಿಂದ ಸೋರಿಹೋಗುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಅಂತರ ಬಿಟ್ಟು ಮತ್ತೆ ನೆನೆದರೆ ಸೋರುವುದು ಕಡಿಮೆಯಾಗುತ್ತದೆ. ಅಮ್ಮನಿಗೂ ನೀನು ಎಷ್ಟು ಬಲ್ಲೆ ಎಂಬುದು ಕಿವಿಯಾರೆ ತಿಳಿಯುತ್ತದೆ. ಟೆಸ್ಟಿನ ಸಂಖ್ಯೆಯನ್ನೇ ನೆಚ್ಚಿಕೊಂಡು ಕೂರಬೇಕಾಗಿಲ್ಲ.

ರಾತ್ರಿ ಹತ್ತೂವರೆಗೆ ದೀಪ ಆರಿಸು. ಇದರಲ್ಲಿ ಚೌಕಾಸಿಯಿಲ್ಲ. ನಿನ್ನ ವಯಸ್ಸಿಗೆ ಎಂಟು ಗಂಟೆ ನಿದ್ದೆ ಬೇಕು, ನೀನು ಮಲಗುತ್ತಿರುವುದು ಮೂರೂವರೆ ಗಂಟೆ. ಹಗಲು ಓದಿದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ. ನಿದ್ದೆ ಕಡಿದು ಓದುವುದೆಂದರೆ ತೂತು ಕೊಡಪಾನಕ್ಕೆ ಇನ್ನಷ್ಟು ನೀರು ಸೇದಿದಂತೆ. ಬೆಳಗಿನ ಬಸ್ಸಿನಲ್ಲೂ ಪುಸ್ತಕ ತೆರೆಯಬೇಡ, ಕಿಟಕಿ ಸಿಕ್ಕಿದರೆ ಹೊರಗೆ ನೋಡುತ್ತಾ ಹೋಗು.

ಪರೀಕ್ಷೆಯಲ್ಲಿ ಎಲ್ಲ ಮರೆತುಹೋಯಿತು ಎಂದೆಯಲ್ಲ, ಮರೆತಿರಲಿಲ್ಲ. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತಾಗ ಒಂದೊಂದಾಗಿ ನೆನಪಾಗಿರಬೇಕು. ಹೆದರಿಕೆ ಹೆಚ್ಚಾದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ನೆನಪನ್ನು ಅಳಿಸುವುದಿಲ್ಲ, ಹೊರತೆಗೆಯುವ ದಾರಿಗೆ ಅಡ್ಡ ನಿಲ್ಲುತ್ತದೆ. ಮತ್ತೊಮ್ಮೆ ಹಾಗಾದರೆ ಪೆನ್ನು ಕೆಳಗಿಡು. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡು, ಏಳೆಂಟು ಸಲ. ಆಮೇಲೆ ನಿನಗೆ ಖಚಿತವಾಗಿ ಗೊತ್ತಿರುವ ಒಂದು ಪ್ರಶ್ನೆಯನ್ನು ಹುಡುಕಿ ಅದನ್ನು ಮಾಡು. ಎರಡು ನಿಮಿಷ ಹೋದರೆ ಹೋಗಲಿ. ಗಾಬರಿಯಲ್ಲಿ ಊಹಿಸಿ ಗುರುತು ಹಾಕಿದ ಪ್ರತಿ ತಪ್ಪು ಉತ್ತರಕ್ಕೂ ನೀಟ್‌ನಲ್ಲಿ ಒಂದು ಅಂಕ ಕಳೆಯುತ್ತಾರೆ ಎಂಬುದು ನಿನಗೆ ಗೊತ್ತೇ ಇದೆ. ಆ 386ರ ಉತ್ತರಗಳನ್ನು ಒಮ್ಮೆ ತೆಗೆದು ನೋಡು. ಗೊತ್ತಿಲ್ಲದೆ ಹೋದದ್ದೆಷ್ಟು, ಊಹಿಸಿ ಕಳೆದುಕೊಂಡದ್ದೆಷ್ಟು? ಹಾಗೆ ಬಿಡಿಸಿ ನೋಡಿದ ಮೇಲೆ ಆ ಸಂಖ್ಯೆ ನಿನ್ನನ್ನು ಇಷ್ಟೊಂದು ಹೆದರಿಸಲಿಕ್ಕಿಲ್ಲ. 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, ಪಿಯುಸಿಗೆ ನೀನು ಓದುವ ಎನ್‌ಸಿಇಆರ್‌ಟಿ ಪುಸ್ತಕದವೇ. ಎರಡು ಪರೀಕ್ಷೆಗೆ ಎರಡು ಬೇರೆ ಓದು ಎಂದುಕೊಂಡಿದ್ದರೆ ಆ ಭಾರವನ್ನು ಅರ್ಧ ಇಳಿಸಬಹುದು.

ಇದೊಂದೇ ಅವಕಾಶ ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಿದ್ದರೆ ಅದೂ ಸರಿಯಲ್ಲ. ಈಗ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ನೀಟ್ ಮತ್ತೆ ಬರೆಯಬಹುದು. ಆದರೂ 2025ರಲ್ಲಿ ಅದನ್ನು ಬರೆದವರು 22 ಲಕ್ಷಕ್ಕೂ ಹೆಚ್ಚು, ದೇಶದಲ್ಲಿರುವ ಎಂಬಿಬಿಎಸ್ ಸೀಟು ಅದರ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಈ ಲೆಕ್ಕವನ್ನು ಅಪ್ಪನೂ ಒಮ್ಮೆ ಕೇಳಿಸಿಕೊಳ್ಳಲಿ. ಸಿಇಟಿ ಅರ್ಜಿ ತುಂಬುವಾಗ ಉಳಿದ ಕೋರ್ಸುಗಳ ಮೇಲೂ ಕಣ್ಣಾಡಿಸು. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ನಮ್ಮ ಮಂಗಳೂರಿನಲ್ಲೇ. ಜೀವಶಾಸ್ತ್ರ ಇಷ್ಟಪಡುವ ಎಷ್ಟೋ ಮಕ್ಕಳಿಗೆ ಅದು ಬಾಗಿಲ ಬುಡದಲ್ಲಿದ್ದೂ ಕಾಣುವುದಿಲ್ಲ. ನೀಟ್ ಬಿಡು ಎಂದು ಹೇಳುತ್ತಿಲ್ಲ. ಅದನ್ನು ತೀರ್ಮಾನಿಸುವ ತಿಂಗಳು ಇದಲ್ಲ.

ಸಭೆಯ ದಿನ ಅಮ್ಮನ ಜೊತೆ ನೀನೂ ಒಳಗೆ ಹೋಗು. ಉಪನ್ಯಾಸಕರು ಅಂಕ ಓದುವಾಗ ಅಮ್ಮನಿಗೆ ಅದು ಮೊದಲೇ ಗೊತ್ತಿರುತ್ತದೆ. ಮುಗಿದ ಮೇಲೆ ಸೀದಾ ಮನೆಗೆ ಹೋಗಬೇಡಿ. ಹಂಪನಕಟ್ಟೆಯಲ್ಲಿ ಇಳಿದು ಎಲ್ಲಾದರೂ ಕುಳಿತು ಇಬ್ಬರೂ ಒಂದೊಂದು ಗಡ್‌ಬಡ್ ಐಸ್‌ಕ್ರೀಂ ತಿನ್ನಿ. ಅಮ್ಮ ‘ನನಗೆ ಬೇಡ, ನೀನು ತಿನ್ನು’ ಎನ್ನುತ್ತಾರೆ. ಎರಡು ಚಮಚ ತರಿಸು.