ದಾವಣಗೆರೆಯ ಅಕ್ಕಿ ಗಿರಣಿಯಲ್ಲಿ ಕೆಲಸಗಾರರಿಗೆ ಮಾಸ್ಕ್ ಕೊಟ್ಟರೆ ಮಾಲೀಕರ ಹೊಣೆ ಮುಗಿಯುತ್ತದೆಯೇ?

ಮುಗಿಯುವುದಿಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 14ನೇ ಕಲಮಿನ ಪ್ರಕಾರ, ಧೂಳು ಅಥವಾ ಹೊಗೆ ಕೆಲಸಗಾರರ ಉಸಿರಿಗೆ ಸೇರದಂತೆ ಪರಿಣಾಮಕಾರಿ ಕ್ರಮ ಕೈಗೊಳ್ಳಬೇಕಿತ್ತು. ಅದಕ್ಕೆ ಹೀರುಯಂತ್ರ ಅಗತ್ಯವಿದ್ದರೆ, ಧೂಳು ಹುಟ್ಟುವ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರದಲ್ಲೇ ಅದನ್ನು ಅಳವಡಿಸಬೇಕಿತ್ತು. ಎಂದರೆ ಭತ್ತ ಸುರಿಯುವ ಕಡೆ, ಹೊಟ್ಟು ಬೇರ್ಪಡುವ ಕಡೆ ಮೊದಲು ಧೂಳನ್ನು ಹಿಡಿಯಬೇಕು, ಮಾಸ್ಕ್ ಆಮೇಲಿನದು. ಸುರಕ್ಷತೆಗಾಗಿ ಮಾಡುವ ವ್ಯವಸ್ಥೆಗೆ ಕಾರ್ಮಿಕರಿಂದ ಹಣ ಪಡೆಯುವುದನ್ನು ಆ ಕಾಯ್ದೆಯ ಬದಲಿಗೆ ಈಗ ಜಾರಿಯಲ್ಲಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಒಪ್ಪುವುದಿಲ್ಲ.

ಮಾಸ್ಕ್‌ನ ಆಯ್ಕೆಯಲ್ಲೇ ಹೆಚ್ಚು ಅನ್ಯಾಯವಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಮುಖಕ್ಕೆ ಸುತ್ತಿದ ಟವೆಲ್ ಆಗಲಿ ಶಸ್ತ್ರಚಿಕಿತ್ಸೆಯ ಮಾಸ್ಕ್ ಆಗಲಿ ಶ್ವಾಸರಕ್ಷಕವಲ್ಲ. ಧೂಳಿನ ಕಣ ಸೋಸುವ ಮಾಸ್ಕ್‌ಗಳಿಗಿರುವ ಭಾರತೀಯ ಮಾನದಂಡ ಐಎಸ್ 9473ರ ಎಫ್‌ಎಫ್‌ಪಿ2 ದರ್ಜೆಯದನ್ನು ಕೇಳಿ ಪಡೆಯಿರಿ. ಅದೂ ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ ಪ್ರಯೋಜನ, ಏಕೆಂದರೆ ಗಡ್ಡವಿದ್ದಲ್ಲಿ ಅಂಚಿನಿಂದಲೇ ಧೂಳು ಒಳನುಗ್ಗುತ್ತದೆ. ಅಮೆರಿಕದ ನಿಯಮವು ಈ ಹೊಂದಿಕೆಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆಂದು ಕಡ್ಡಾಯಗೊಳಿಸಿದೆ. ನಮ್ಮಲ್ಲಿಯೂ ಅದನ್ನು ರೂಢಿಗೆ ತರಬಹುದು.

ನಮ್ಮೂರಿನ ಮಂಡಕ್ಕಿ ಭಟ್ಟಿಗಳ ವಿಷಯ ಬೇರೆ. ಅಲ್ಲಿನ ಹೊಗೆಯಲ್ಲಿರಬಹುದಾದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಧೂಳಿನ ಮಾಸ್ಕ್ ಎಷ್ಟು ಒಳ್ಳೆಯದಾದರೂ ತಡೆಯದು; ಎತ್ತರದ ಚಿಮಣಿ ಮತ್ತು ಧಾರಾಳ ಗಾಳಿಯಾಟ ಬೇಕೇ ಬೇಕು.